ಶಿಕ್ಕಾ ಹೊಡೆಯೋರು ಬೇಕಾಗಿದ್ದಾರೆ

ಇನ್ನೂರು ಕಿಲೋಮೀಟರ್ ಸೈಕಲ್ ತುಳಿಯಲು 13 ತಾಸು 30 ನಿಮಿಷ ಕೊಡುತ್ತಾರೆ. ಗಾಳಿ ಒಪ್ಪಿದರೆ, ಹೊಟ್ಟೆ ಕೈಕೊಡದಿದ್ದರೆ, ಒಂದೇ ಹದದಲ್ಲಿ ತುಳಿಯುತ್ತಾ ಹೋದರೆ ಮುಗಿಯುತ್ತದೆ. ಅದೇ ಇನ್ನೂರು ಕಿಲೋಮೀಟರನ್ನು ಬೇರೆಯವರು ತುಳಿಯುವ ಹಾಗೆ ಏರ್ಪಾಟು ಮಾಡಲು ನನಗೆ ಒಂದು ಮಳೆಗಾಲ ಪೂರ್ತಿ, ಅರ್ಧ ಚಳಿಗಾಲ ಹಿಡಿಯಿತು.

ನಾನು ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ ಅಂತ ಡಾಕ್ಟರು ಹೇಳಿದ ಮೇಲೆ ಸೈಕಲ್ ಬಳಗಕ್ಕೆ ಸೇರಿದೆ. ಬಳಗ ಅಂದರೆ ಆಫೀಸಿಲ್ಲ, ಬೋರ್ಡಿಲ್ಲ. ಒಂದು ವಾಟ್ಸಾಪ್ ಗ್ರೂಪು, ಭಾನುವಾರ ಬೆಳಿಗ್ಗೆ ಉಣಕಲ್ ಕೆರೆ ಹತ್ತಿರ ಸೇರುವ ಇಪ್ಪತ್ತು ಮೂವತ್ತು ಜನ, ಅಷ್ಟೇ. ಧಾರವಾಡದ ಕಡೆ ತುಳಿದು ನುಗ್ಗಿಕೇರಿ ಹನುಮಪ್ಪನಿಗೆ ಕೈಮುಗಿದು, ಮಿರ್ಚಿ ತಿಂದು, ಚಹಾ ಕುಡಿದು ವಾಪಸ್. ಕರಗಿಸಿದ್ದೆಲ್ಲ ಮಿರ್ಚಿಯಲ್ಲೇ ವಾಪಸ್ ಬರುತ್ತದೆ, ಆ ಮಾತು ಬೇರೆ. ಬಟ್ಟೆ ವ್ಯಾಪಾರಿ ಇದ್ದಾರೆ, ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಇದ್ದಾರೆ, ಕಣ್ಣಿನ ಡಾಕ್ಟರ್, ಪಿಯುಸಿ ಹುಡುಗರು, ಬ್ಯಾಂಕಿನಿಂದ ರಿಟೈರ್ ಆದ ಮೇಡಂ ಇದ್ದಾರೆ. ಸೈಕಲ್ಲುಗಳೂ ಹಾಗೇ. ಲಕ್ಷ ದಾಟಿದ್ದೂ ಇದೆ, ಗೇರೇ ಇಲ್ಲದ್ದೂ ಇದೆ.

ವರ್ಷಕ್ಕೊಮ್ಮೆ ಈ ಬಳಗ ಬಿಆರ್‌ಎಂ ಅನ್ನುವ 200 ಕಿಲೋಮೀಟರ್‌ನ ಸೈಕಲ್ ರೈಡು ನಡೆಸುತ್ತದೆ. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇದು ರೇಸ್ ಅಲ್ಲ. ಗೊತ್ತುಪಡಿಸಿದ ದಾರಿಯನ್ನು ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕು. 200ಕ್ಕೆ ಹದಿಮೂರೂವರೆ ತಾಸು, 300ಕ್ಕೆ 20, 400ಕ್ಕೆ 27, 600ಕ್ಕೆ 40. ದಾರಿಯಲ್ಲಿ ಅಲ್ಲಲ್ಲಿ ಕಂಟ್ರೋಲ್ ಇರುತ್ತವೆ. ಪ್ರತಿಯೊಬ್ಬರ ಕೈಯಲ್ಲೂ ಒಂದು ಕಾರ್ಡ್. ಕಂಟ್ರೋಲಿನಲ್ಲಿ ನಿಂತು ಕಾರ್ಡಿಗೆ ಶಿಕ್ಕಾ ಹಾಕಿಸಿಕೊಂಡು, ಸಮಯ ಬರೆಸಿಕೊಂಡು ಮುಂದೆ ಹೋಗಬೇಕು. ಹಸಿವಾದರೆ ನಿಮ್ಮ ದುಡ್ಡಿನಲ್ಲಿ ನೀವೇ ತಿನ್ನಬೇಕು, ಪಂಚರ್ ಆದರೆ ನೀವೇ ತೆಗೆಯಬೇಕು. ಹಿಂದೆ ಕಾರು ಬರುವ ಹಾಗಿಲ್ಲ. ಇದರ ನಿಯಮ ಪ್ಯಾರಿಸ್‌ನದ್ದು. 1904ರಲ್ಲಿ ಹುಟ್ಟಿದ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ ಅಂತ ಒಂದು ಕ್ಲಬ್ಬಿದೆ. ನಮ್ಮ ದೇಶದಲ್ಲಿ ಆಡಾಕ್ಸ್ ಇಂಡಿಯಾ ಮೂಲಕ ಊರೂರಿನ ಬಳಗಗಳು ಇದನ್ನು ನಡೆಸುತ್ತವೆ. ಫಲಿತಾಂಶ ಕೊನೆಗೆ ಪ್ಯಾರಿಸ್ಸಿಗೇ ಹೋಗಿ, ಅಲ್ಲಿಂದ ಮುಗಿಸಿದ ಒಬ್ಬೊಬ್ಬರಿಗೂ ಒಪ್ಪಿಗೆಯ ಗುರುತಾಗಿ ಒಂದೊಂದು ನಂಬರ್ ಬರಬೇಕು.

ಹುಬ್ಬಳ್ಳಿಯಲ್ಲಿ ಇಷ್ಟೂ ವರ್ಷ ಇದನ್ನೆಲ್ಲ ನೋಡಿಕೊಂಡವರು ನಾವು ರೈಲ್ವೆ ಸರ್ ಅಂತ ಕರೆಯುವವರು. ದಾರಿ ಗೊತ್ತುಮಾಡುವುದು, ಕಾರ್ಡ್ ತುಂಬುವುದು, ಪೊಲೀಸರಿಗೆ ಪತ್ರ, ಬಾಳೆಹಣ್ಣಿನ ಲೆಕ್ಕ, ಎಲ್ಲಾ ಅವರ ತಲೆಯಲ್ಲೇ. ನಾವು ಸುಮ್ನೆ ಸೈಕಲ್ ಒರೆಸಿಕೊಂಡು ಬೆಳಿಗ್ಗೆ ಹೋಗಿ ನಿಂತರೆ ಸಾಕಿತ್ತು. ಜೂನ್‌ನಲ್ಲಿ ಅವರಿಗೆ ಬೇರೆ ರಾಜ್ಯಕ್ಕೆ ಟ್ರಾನ್ಸ್‌ಫರ್ ಆಯಿತು. ಗ್ರೂಪಿನಲ್ಲಿ ಅಳುವ ಮುಖದ ಗೊಂಬೆಗಳು ಸಾಲಾಗಿ ಬಂದವು. ಮುಂದಿನ ಬಿಆರ್‌ಎಂ ಯಾರು ಮಾಡುತ್ತಾರೆ ಅಂತ ಮಾತ್ರ ಯಾರೂ ಕೇಳಲಿಲ್ಲ.

ಸಾಮಾನು ಕಟ್ಟುವ ದಿನ ಅವರು ನನ್ನನ್ನು ಮನೆಗೆ ಕರೆದು ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಒಳಗೆ ಒಂದು ರಬ್ಬರ್ ಸ್ಟ್ಯಾಂಪು, ಒಂದು ಇಂಕಿನ ಪ್ಯಾಡು, ಉಳಿದ ಕಾರ್ಡುಗಳು, ಎರಡು ಟ್ಯೂಬು, ಟೈರ್ ಬಿಚ್ಚುವ ಪಟ್ಟಿಗಳು, ಹಳೇ ಡೈರಿ. "ಗಣಿತದ ಅಕ್ಕಾರು ನೀವು, ಟೈಮಿನ ಲೆಕ್ಕಾ ನಿಮಗ ಸರಳ," ಅಂದರು. ಒಲ್ಲೆ ಅನ್ನಲು ಬಾಯಿ ತೆಗೆಯುವುದರೊಳಗೆ ಅವರ ಮನೆಯವರು ಚಹಾ ತಂದರು. ಡಬ್ಬಿ ನನ್ನ ತೊಡೆಯ ಮೇಲೇ ಉಳಿಯಿತು.

ಡೈರಿಗಿಂತ ಅವರು ಬಾಯಲ್ಲಿ ಹೇಳಿದ ಒಂದು ಮಾತೇ ನನಗೆ ಜಾಸ್ತಿ ಉಪಯೋಗಕ್ಕೆ ಬಂತು. "ಗ್ರೂಪಿನ್ಯಾಗ ಯಾರಾರ ಬರ್ತೀರೇನು ಅಂತ ಕೇಳಬ್ಯಾಡ್ರಿ. ಎಲ್ಲಾರೂ ಹೆಬ್ಬಟ್ಟು ಎತ್ತತಾರ, ಒಬ್ಬರೂ ಬರೂದಿಲ್ಲ. ಹೆಸರ ಹಿಡದ ಕೇಳ್ರಿ. ಒಂದ ಕೆಲಸ, ಒಂದ ಜಾಗಾ, ಎಷ್ಟ ತಾಸು. ಅಷ್ಟ ಹೇಳ್ರಿ. ಬರ್ತಾರ."

ಹಾಗಿದ್ದರೆ ನೀವೇಕೆ ಎಲ್ಲವನ್ನೂ ಒಬ್ಬರೇ ಮಾಡಿಕೊಂಡು ಬಂದಿರಿ ಅಂತ ಕೇಳಿದೆ. ನಕ್ಕರು. "ಕೇಳೂದ ತ್ರಾಸ ಅಕ್ಕಾರ. ಮಾಡೂದ ಸರಳ." ಬಹಳ ಬಳಗಗಳು ಒಬ್ಬರ ಹೆಗಲ ಮೇಲೆ ಕೂತು ಸವಾರಿ ಮಾಡುವುದು ಇದೇ ಕಾರಣಕ್ಕೆ ಇರಬೇಕು.

ಮೊದಲು ದಾರಿ. ರೈಲ್ವೆ ಸರ್ ಕಾಲದ ದಾರಿ ಗದಗ ರಸ್ತೆಯದ್ದು: ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗ, ಲಕ್ಕುಂಡಿ ದಾಟಿ ಕೊಪ್ಪಳದ ಕಡೆಗೆ. ನೂರನೇ ಕಿಲೋಮೀಟರಿಗೆ ತಿರುಗಿ ಅದೇ ದಾರಿಯಲ್ಲಿ ವಾಪಸ್. ಯಲ್ಲಾಪುರದ ಕಡೆ ಹಾಕೋಣ, ಕಾಡು ಚೆಂದ ಅಂತ ಕೆಲವರು ಹೇಳಿದರು. ಚೆಂದವೇನೋ ಹೌದು. ಆದರೆ ಆ ರಸ್ತೆಯಲ್ಲಿ ಅಂಕೋಲಾ ಕಡೆ ಹೋಗುವ ಲಾರಿಗಳ ಸಾಲು, ಮೇಲೆ ತಿರುವು. ಹೊಸಬರು ಬರುವ ರೈಡಿಗೆ ಅದು ಬೇಡ ಅನ್ನಿಸಿತು. ಗದಗ ರಸ್ತೆ ಅಗಲ, ನೇರ. ಬೇಜಾರು ಬರುವಷ್ಟು ನೇರ.

ಈ ಸೀಮೆಯಲ್ಲಿ ಏರಿಗಿಂತ ದೊಡ್ಡ ಶತ್ರು ಗಾಳಿ. ಗದಗಿನ ಸುತ್ತ ಅಷ್ಟು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಹೋಗುವಾಗ ಬೆನ್ನಿಗೆ ಇರುತ್ತದೆ, ನಾನೇ ಹೀರೋ ಅನ್ನಿಸುತ್ತದೆ. ತಿರುಗಿದ ಮೇಲೆ ನೂರು ಕಿಲೋಮೀಟರ್ ಎದೆಗೆ. ಡಿಸೆಂಬರ್ ಹೊತ್ತಿಗೆ ಅದು ಮಗ್ಗುಲು ಬದಲಿಸಿ ಮೂಡಣದಿಂದ ಬರುತ್ತದೆ. ಬೆಳಿಗ್ಗೆ ಕಾಲಲ್ಲಿ ಕಸುವಿರುವಾಗ ಎದುರು ಗಾಳಿ, ದಣಿದು ವಾಪಸ್ ಬರುವಾಗ ಹಿಂದಿನಿಂದ ನೂಕುವ ಗಾಳಿ. ಅದಕ್ಕೇ ಎಳ್ಳ ಅಮಾವಾಸ್ಯೆ ಆಸುಪಾಸಿನ ಭಾನುವಾರ ಗೊತ್ತುಮಾಡಿದೆವು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಆ ದಿನಗಳಲ್ಲಿ ಮನೆಮನೆಯಲ್ಲೂ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ ಇರುತ್ತದೆ. ಬೇಡಿದರೆ ಇಲ್ಲ ಅನ್ನುವವರಿಲ್ಲ.

ರೈಡಿನ ದಿನ ಕೆಲಸಕ್ಕೆ ನಿಲ್ಲುವವರು ಮುಂಚೆಯೇ ಆ ದಾರಿ ತುಳಿದು ನೋಡಿ ಬರುವ ಪದ್ಧತಿ ಇದೆ. ನವೆಂಬರಿನಲ್ಲಿ ಫಿಟ್ಟರ್ ಅಣ್ಣ, ನಾನು, ಪಿಯುಸಿಯ ಇಬ್ಬರು ಹುಡುಗರು ಹೊರಟೆವು. ಹಿಂದಿನ ದಿನ ಅಕಾಲದಲ್ಲಿ ಮಳೆ ಬಿದ್ದಿತ್ತು. ಅಣ್ಣಿಗೇರಿ ದಾಟಿದ ಮೇಲೆ ಒಂದು ಕಡೆ ರಸ್ತೆ ಕೆಲಸ ಅಂತ ಪಕ್ಕದ ಮಣ್ಣಿಗೆ ಇಳಿಸಿದ್ದರು. ಎರಿ ಮಣ್ಣು ಹಸಿಯಾದರೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹತ್ತು ಮಾರು ಹೋಗುವುದರಲ್ಲಿ ಚಕ್ರಕ್ಕೂ ಬ್ರೇಕಿಗೂ ನಡುವೆ ಮಣ್ಣು ಹದವಾಗಿ ನಾದಿದ ಕಣಕದ ಹಾಗೆ ಕೂತುಬಿಟ್ಟಿತು. ಗಾಲಿ ತಿರುಗಲೊಲ್ಲದು. ಸೈಕಲ್ ಹೊತ್ತುಕೊಂಡು ನಡೆದೆವು. ಬೂಟಿನ ಕೆಳಗೆ ಇನ್ನೊಂದು ಬೂಟು ಬೆಳೆಯಿತು. ಫಿಟ್ಟರ್ ಅಣ್ಣ ಜಾಲಿಯ ಕಡ್ಡಿ ಮುರಿದು ಬ್ರೇಕಿನ ಸಂದಿಯಿಂದ ಮಣ್ಣು ಕೆದರಿ ಕೆದರಿ ತೆಗೆದರು. ಅದಾದ ಮೇಲೆ ದಾರಿಯ ಸೂಚನೆಯಲ್ಲಿ ಒಂದು ಸಾಲು ಸೇರಿತು: ಮಣ್ಣಿಗೆ ಇಳಿಯಬೇಡಿ, ಸೈಕಲ್ ಹಿಡಿದು ಡಾಂಬರಿನ ಅಂಚಿನಲ್ಲೇ ನಡೆಯಿರಿ.

ನೂರನೇ ಕಿಲೋಮೀಟರಿಗೆ ಒಂದು ಚಹಾದ ಅಂಗಡಿ ಬೇಕಿತ್ತು. ಹಿಂದೆ ರೈಲ್ವೆ ಸರ್ ಬಳಸುತ್ತಿದ್ದ ಧಾಬಾ ಮುಚ್ಚಿತ್ತು. ಸ್ವಲ್ಪ ಮುಂದೆ ಬೇವಿನ ಗಿಡದ ಕೆಳಗೆ ಒಂದು ತಗಡಿನ ಅಂಗಡಿ. ವಯಸ್ಸಾದ ಕಾಕಾ, ಅವರ ಮೊಮ್ಮಗಳು. ಚುರುಮರಿ, ಮಿರ್ಚಿ, ಚಹಾ. ನಾವು ಬಂದ ಕಾರಣ ಹೇಳಿದಾಗ ಕಾಕಾ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದಕ್ಕ ನಾ ಶಿಕ್ಕಾ ಹೊಡದರ, ನಾಳೆ ಯಾರಾರ ಬಂದ ನನ್ನ ಕೇಳತಾರೇನ್ರಿ?"

"ಯಾರೂ ಕೇಳೂದಿಲ್ಲ ಕಾಕಾ. ಈ ಮನಷ್ಯಾ ಇಷ್ಟೊತ್ತಿಗೆ ಇಲ್ಲಿಗೆ ಬಂದಿದ್ದ ಅನ್ನೂದಕ್ಕ ಒಂದ ಗುರುತು, ಅಷ್ಟ."

"ಬರೇ ಬಂದಿದ್ದ ಅನ್ನೂದಕ್ಕ?"

"ಬರೇ ಅದಕ್ಕ."

ಅವರು ಬಹಳ ಹೊತ್ತು ಯೋಚನೆ ಮಾಡಿದರು. ಆಮೇಲೆ, ದುಡ್ಡು ಬೇಡ, ಬಂದವರು ನಮ್ಮಲ್ಲಿ ಚಹಾ ಕುಡಿದರೆ ಸಾಕು ಅಂದರು. ಶಿಕ್ಕಾ ಹೊಡೆಯುವ ಕೆಲಸ ಮಾತ್ರ ಮೊಮ್ಮಗಳಿಗೆ ಕೊಡಬೇಕಂತೆ. ಅವಳು ಏಳನೇ ಇಯತ್ತೆ. ಅಕ್ಷರ ಚೆಂದ ಅಂತ ಅವರಿಗೆ ಹೆಮ್ಮೆ.

ಅಲ್ಲಿ ನಮ್ಮ ಕಡೆಯಿಂದ ಒಬ್ಬರು ಇರಲೇಬೇಕಿತ್ತು. ಮಣ್ಣಿನಲ್ಲಿ ನಮ್ಮ ಜೊತೆ ಸೈಕಲ್ ಹೊತ್ತ ಹುಡುಗರಲ್ಲಿ ಒಬ್ಬನನ್ನು ಹೆಸರು ಹಿಡಿದು ಕೇಳಿದೆ. ಬೆಳಿಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಒಂದರವರೆಗೆ, ಬೇವಿನ ಗಿಡದ ಕೆಳಗೆ, ಗಡಿಯಾರ ನೋಡಿ ಸಮಯ ಬರೆಯುವುದು. ಅವನು ತಕ್ಷಣ ಒಪ್ಪಿದ. ಅವನ ತಾಯಿ ಒಪ್ಪಲಿಲ್ಲ. ಪ್ರಿಪರೇಟರಿ ಪರೀಕ್ಷೆ ಹತ್ತಿರ ಇದೆ ಅಂದರು. ನಾನು ಮನೆಗೆ ಹೋಗಿ ಕೂತೆ. ಟೀಚರ್ ಆಗಿದ್ದರ ಲಾಭ ಇಲ್ಲಿ ಆಯಿತು: ಮೂರು ಶನಿವಾರ ಅವನಿಗೆ ಇಂಟಿಗ್ರೇಷನ್ ಹೇಳಿಕೊಡುವ ಕರಾರಿನ ಮೇಲೆ ಒಂದು ಭಾನುವಾರ ಸಿಕ್ಕಿತು.

ಹೀಗೇ ಒಬ್ಬೊಬ್ಬರನ್ನೂ ಕೇಳುತ್ತಾ ಹೋದೆ. ಬ್ಯಾಂಕ್ ಮೇಡಂಗೆ ದುಡ್ಡಿನ ಲೆಕ್ಕ, ಮತ್ತೆ ಬೆಳಿಗ್ಗೆ ಲೈಟು, ಹೆಲ್ಮೆಟ್ಟು, ಹೊಳೆಯುವ ಜಾಕೆಟ್ ತಪಾಸಣೆ. ಫಿಟ್ಟರ್ ಅಣ್ಣನಿಗೆ ಬ್ರೇಕು, ಟೈರು ನೋಡುವುದು. ಕಣ್ಣಿನ ಡಾಕ್ಟರ್ ಗದಗಿನಲ್ಲಿ ಕಾರು ಇಟ್ಟುಕೊಂಡು ತುರ್ತಿಗೆ ಇರುವುದು. ಬಟ್ಟೆ ವ್ಯಾಪಾರಿ ಮಾತ್ರ ನೇರವಾಗಿ ಹೇಳಿಬಿಟ್ಟರು: "ರೊಕ್ಕಾ ಎಷ್ಟ ಬೇಕ ಹೇಳ್ರಿ, ಕೊಡ್ತೀನಿ. ನಿಂದ್ರೂ ಕೆಲಸಾ ನನಗ ಹೇಳಬ್ಯಾಡ್ರಿ." ಹಾಗೆ ಹೇಳಿದ್ದಕ್ಕೆ ಕೆಲವರು ಮುಖ ಸಿಂಡರಿಸಿದರು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಬಾಳೆಹಣ್ಣಿಗೂ ದುಡ್ಡು ಬೇಕು, ಅಲ್ವಾ? ಬರುತ್ತೇನೆ ಅಂತ ಹೇಳಿ ಬೆಳಿಗ್ಗೆ ಫೋನ್ ಆಫ್ ಮಾಡುವವರಿಗಿಂತ ಇದು ಎಷ್ಟೋ ಮೇಲು. ಅಂಥವರೂ ಇದ್ದರು.

ಪೊಲೀಸ್ ಠಾಣೆಗಳಿಗೆ ಪತ್ರ ಕೊಡುವುದು ನನ್ನ ಪಾಲಿಗೆ ಬಂತು. ಒಂದು ಠಾಣೆಯಲ್ಲಿ ಸಾಹೇಬರು ಪತ್ರ ಓದಿ ಕನ್ನಡಕ ತೆಗೆದರು.

"ಫಸ್ಟ್ ಪ್ರೈಜ್ ಎಷ್ಟ್ರಿ ಅಕ್ಕಾರ?"

"ಪ್ರೈಜ್ ಇಲ್ರಿ ಸರ್."

"ಮೊದಲ ಬಂದಾವಗ ಏನೂ ಇಲ್ಲ?"

"ಮೊದಲ ಅನ್ನೂದ ಇಲ್ರಿ. ಹೆಸರಿನ ಅಕ್ಷರದ ಪ್ರಕಾರ ರಿಸಲ್ಟ್ ಹಾಕ್ತಾರ."

"ಹಂಗಾರ ಯಾಕ ತುಳೀತಾರ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನೀವೂ ಒಂದು ಸಲ ಬನ್ನಿ ಸರ್ ಅಂದೆ. ಅವರು ತಮ್ಮ ಹೊಟ್ಟೆ ನೋಡಿಕೊಂಡು, ನಮ್ಮ ಪ್ರತಿಗೆ ಠಸ್ಸೆ ಒತ್ತಿ ಕಳಿಸಿದರು.

ಕಂಟ್ರೋಲುಗಳ ಲೆಕ್ಕ ನನಗೆ ಇಷ್ಟದ ಕೆಲಸ. ತೀರಾ ಜೋರಾಗಿ ಬಂದರೂ ತಾಸಿಗೆ 34 ಕಿಲೋಮೀಟರ್, ತೀರಾ ನಿಧಾನ ಅಂದರೂ 15. ಇವೆರಡರ ನಡುವೆ ಕಂಟ್ರೋಲ್ ತೆರೆದಿರಬೇಕು. ಬೆಳಿಗ್ಗೆ ಆರಕ್ಕೆ ಹೊರಟರೆ ನೂರನೇ ಕಿಲೋಮೀಟರಿನ ಅಂಗಡಿ ತೆರೆಯುವುದು 8:56ಕ್ಕೆ, ಮುಚ್ಚುವುದು 12:40ಕ್ಕೆ. ವಾಪಸ್ ಬರುವಾಗ ಅಣ್ಣಿಗೇರಿ, 165ನೇ ಕಿಲೋಮೀಟರ್, ಸಂಜೆ ಐದರವರೆಗೆ. ಹುಬ್ಬಳ್ಳಿಗೆ ಸಂಜೆ 7:30ರೊಳಗೆ. ಲಕ್ಕುಂಡಿಯಲ್ಲಿ ನಿಲ್ಲಲು ಜನ ಸಾಲಲಿಲ್ಲ. ಅಲ್ಲಿ ಶಿಕ್ಕಾ ಬದಲು ಕಾರ್ಡಿನಲ್ಲಿ ಒಂದು ಪ್ರಶ್ನೆ ಬರೆದೆವು: ಕಾಶಿವಿಶ್ವನಾಥ ಗುಡಿಗೆ ಎದುರಾಗಿರುವ ಸಣ್ಣ ಗುಡಿ ಯಾವ ದೇವರದ್ದು? ಊರೊಳಗೆ ಹೋಗಿ ನೋಡಿದವರಿಗೆ ಸೂರ್ಯನದ್ದು ಅಂತ ಗೊತ್ತಾಗುತ್ತದೆ. ಅಷ್ಟು ಕೆತ್ತನೆಯ ಊರಿನ ಪಕ್ಕದಲ್ಲೇ ಹೈವೇಯಲ್ಲಿ ತಲೆ ತಗ್ಗಿಸಿಕೊಂಡು ಹೋಗಿಬಿಡುತ್ತಾರಲ್ಲ ಅಂತ ನನಗೆ ಮೊದಲಿನಿಂದ ಸಿಟ್ಟಿತ್ತು. ಅದು ಹೀಗೆ ತೀರಿತು.

ಆ ದಿನ ಬೆಳಿಗ್ಗೆ ಗದಗ ರಸ್ತೆಯಲ್ಲಿ ಐದಕ್ಕೇ ಸೇರಿದೆವು. ಕತ್ತಲು, ಮೂಗು ಸೋರುವ ಚಳಿ. ಮೂವತ್ತು ಚಿಲ್ಲರೆ ಜನ ಬಂದಿದ್ದರು. ಬೆಳಗಾವಿಯವರಿದ್ದರು, ದಾವಣಗೆರೆಯವರಿದ್ದರು. ಬ್ಯಾಂಕ್ ಮೇಡಂ ಶಾಲು ಹೊದ್ದು, ಕೈಯಲ್ಲಿ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ನಿಲ್ಲಿಸಿ ಲೈಟ್ ಹಾಕಿಸಿ ನೋಡಿದರು. ನಮ್ಮ ಬಳಗದ ಅತಿ ಜೋರಿನ ಸವಾರನ ಸೈಕಲ್ಲಿಗೆ ಹಿಂದಿನ ಲೈಟೇ ಇರಲಿಲ್ಲ.

"ಮೇಡಂ, ಮಧ್ಯಾಹ್ನ ಎರಡಕ್ಕ ನಾ ವಾಪಸ್ ಬಂದಿರ್ತೀನಿ. ಕತ್ತಲಾಗೂದರಾಗ ಮನ್ಯಾಗ ಮಲಗಿರ್ತೀನಿ."

"ಈಗೇನ ಬೆಳಕ ಹರದೈತೇನಪಾ?"

ಅವನು ನನ್ನ ಕಡೆ ನೋಡಿದ. ಈ ಅಕ್ಕಾರು ಏನಾದರೂ ಮಾಡಿಯಾರು ಅಂತ. ಮೇಡಂಗೆ ಆ ಕೆಲಸ ಕೊಟ್ಟಾಗಿತ್ತು. ನಾನು ಬಾಳೆಹಣ್ಣು ಎಣಿಸುತ್ತಾ ನಿಂತೆ. ಕೊಟ್ಟ ಕೆಲಸದಲ್ಲಿ ಕೈ ಹಾಕಿದರೆ ಮುಂದಿನ ಸಲ ಯಾರು ಬರುತ್ತಾರೆ? ಕೊನೆಗೆ ಫಿಟ್ಟರ್ ಅಣ್ಣ ತಮ್ಮ ಸೈಕಲ್ಲಿನ ಲೈಟ್ ಬಿಚ್ಚಿ ಅವನ ಸೀಟಿನ ಕೆಳಗೆ ಕಟ್ಟಿದರು. ಆರಕ್ಕೆ ಎಲ್ಲರೂ ಹೊರಟರು. ಕೆಂಪು ದೀಪಗಳು ಸಾಲಾಗಿ ದೂರ ಹೋದವು. ನನಗೆ ಸಿಕ್ಕ ಕೆಲಸ ಅಂದರೆ ಇನ್ನು ಹದಿಮೂರೂವರೆ ತಾಸು ಫೋನ್ ಹಿಡಿದುಕೊಂಡು ಇರುವುದು.

ಮೊದಲ ಫೋನು ಒಂಬತ್ತು ಕಾಲಕ್ಕೆ, ಬೇವಿನ ಗಿಡದಿಂದ. ಇಂಕಿನ ಪ್ಯಾಡ್ ಒಣಗಿತ್ತು. ಡಬ್ಬಿಯಲ್ಲಿ ಯಾವ ಕಾಲದಿಂದ ಇತ್ತೋ. ನಾನು ಏನಾದರೂ ಹೇಳುವ ಮೊದಲೇ ಕಾಕಾನ ಮೊಮ್ಮಗಳು ಅದಕ್ಕೆ ಕೊಬ್ಬರಿ ಎಣ್ಣೆ ಬಿಟ್ಟಿದ್ದಳು. ಶಿಕ್ಕಾ ಏನೋ ಮೂಡಿತು. ಆದರೆ ಅದರ ಸುತ್ತ ಎಣ್ಣೆ ಹರಡಿ ಎಲ್ಲರ ಕಾರ್ಡಿನಲ್ಲೂ ಆ ಚೌಕದ ಹಿಂದಿನ ಪುಟದ ಅಕ್ಷರ ಕಾಣುತ್ತಿತ್ತು. ಒಂದೊಂದು ಕಾರ್ಡಿಗೂ ಅವಳು ಶಿಕ್ಕಾ ಒತ್ತಿ, ಬಾಯಿಂದ ಊದಿ, ಕೆಳಗೆ ದುಂಡಗೆ ಸಮಯ ಬರೆದು, ಎರಡೂ ಕೈಯಿಂದ ವಾಪಸ್ ಕೊಡುತ್ತಿದ್ದಳಂತೆ. ಬೆಳಗಾವಿಯ ಒಬ್ಬರು ಅವಸರ ಮಾಡಿದ್ದಕ್ಕೆ "ಆರೂತನಕ ನಿಂದರ್ರಿ" ಅಂತ ಗದರಿಸಿದಳಂತೆ.

ಎರಡನೇ ಫೋನು ಹಾಗಿರಲಿಲ್ಲ. ಲಕ್ಕುಂಡಿಯ ಆಚೆ, ರಸ್ತೆ ಮೇಲೆ ಗೋವಿನಜೋಳ ಒಣಹಾಕಿದ್ದರು. ಸುಗ್ಗಿಯಲ್ಲಿ ಇದು ಮಾಮೂಲು, ಕಣ ಮಾಡುವ ಕೆಲಸ ಈಗ ಡಾಂಬರು ಮಾಡುತ್ತದೆ. ನಮ್ಮ ಹುಡುಗನೊಬ್ಬ ಪಕ್ಕಕ್ಕೆ ಸರಿಯಲು ಹೋಗಿ ಕಾಳಿನ ಮೇಲೆ ಜಾರಿ ಬಿದ್ದ. ಮೊಣಕೈ ಕಿತ್ತಿತು, ತಲೆ ಗಿಮ್ಮೆಂದಿತು. ಹಿಂದೆ ಬರುತ್ತಿದ್ದ ನರ್ಸ್ ಒಬ್ಬರು ಇಳಿದರು. ಅವರಿಗೆ ಇದು ಮೊದಲ 200. ಗಾಯ ತೊಳೆದರು, ಕಟ್ಟಿದರು, ಅವನನ್ನು ಎಬ್ಬಿಸದೆ ನೆರಳಲ್ಲಿ ಕೂರಿಸಿ ಹೆಸರು, ಊರು, ವಾರ ಕೇಳುತ್ತಾ ಇದ್ದರು. ಕಾಳಿನ ಒಡತಿ ಮೊದಲು ಬೈಯುತ್ತಾ ಓಡಿ ಬಂದಳಂತೆ, ರಕ್ತ ನೋಡಿ ತಂಬಿಗೆ ನೀರು ತಂದಳಂತೆ. ಡಾಕ್ಟರು ಗದಗಿನಿಂದ ಕಾರು ತಂದು ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ದರು. ಹೊಲಿಗೆ ಬಿತ್ತು, ಬೇರೆ ಏನೂ ಇಲ್ಲ ಅಂತ ಗೊತ್ತಾಗುವವರೆಗೆ ನಾನು ಕೂತಲ್ಲಿ ಕೂರಲಿಲ್ಲ.

ಇಷ್ಟರಲ್ಲಿ ನರ್ಸಿನ ಮುಕ್ಕಾಲು ತಾಸು ಹೋಗಿತ್ತು. 12:55ಕ್ಕೆ ಬೇವಿನ ಗಿಡದ ಕೆಳಗೆ ಕೂತಿದ್ದ ಹುಡುಗನ ಫೋನು. "ಅಕ್ಕಾರ, ಕಂಟ್ರೋಲ್ ಬಂದ್ ಆಗೇತಿ. ಇವರು ಈಗ ಬಂದಾರ. ಶಿಕ್ಕಾ ಹೊಡೀಬೇಕೋ ಬ್ಯಾಡೋ?" ನಿಯಮದಲ್ಲಿ ಇದಕ್ಕೆ ಜಾಗ ಇದೆ. ಅಪಘಾತಕ್ಕೆ ನೆರವಾಗಲು ನಿಂತು ಮಧ್ಯದ ಕಂಟ್ರೋಲಿಗೆ ತಡವಾದರೆ ನಡೆಸುವವರು ಮನ್ನಿಸಬಹುದು. ಹೊಡಿ, ಸಮಯ ಇದ್ದದ್ದು ಇದ್ದ ಹಾಗೆ ಬರಿ ಅಂದೆ. ಆದರೆ ಒಟ್ಟು ಸಮಯಕ್ಕೆ ಮನ್ನಣೆ ಇಲ್ಲ. 7:30 ಅಂದರೆ 7:30.

ಜೋರಿನ ಸವಾರ ಎರಡಕ್ಕಲ್ಲ, ಮೂರೂ ಹತ್ತಕ್ಕೆ ಬಂದ. ಲಕ್ಕುಂಡಿಯ ಪ್ರಶ್ನೆಗೆ ಅವನು ಬರೆದ ಉತ್ತರ "ಚಹಾದ ಅಂಗಡಿ". ಊರೊಳಗೆ ಹೋಗಿದ್ದಾನೆ, ಗುಡಿ ಕಂಡಿಲ್ಲ. ಫೋನಿನಲ್ಲಿ ಅವನ ದಾರಿಯ ಗೆರೆ ನೋಡಿ ಒಪ್ಪಿಕೊಂಡೆವು. ಸಂಜೆಯಾಗುತ್ತಾ ಒಬ್ಬೊಬ್ಬರೇ ಬಂದರು. ಗಾಳಿ ನೂಕಿತು ಅಂತ ಎಲ್ಲರ ಬಾಯಲ್ಲೂ. ಅಣ್ಣಿಗೇರಿಯಲ್ಲಿ ಫಿಟ್ಟರ್ ಅಣ್ಣನ ಅಕ್ಕನ ಮನೆಯವರು ಶೇಂಗಾ ಹೋಳಿಗಿ, ಸಜ್ಜಿ ರೊಟ್ಟಿ, ಪುಂಡಿಪಲ್ಯ ಇಟ್ಟುಕೊಂಡು ಕೂತಿದ್ದರಂತೆ. ಅಲ್ಲಿ ಕೂತವರು ಏಳಲೇ ಇಲ್ಲ, ಎಬ್ಬಿಸಿ ಕಳಿಸುವುದೇ ಕೆಲಸವಾಯಿತು ಅಂತ ಅಲ್ಲಿದ್ದವರು ಹೇಳಿದರು. ರೈಲ್ವೆ ಸರ್ 2019ರಲ್ಲಿ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ಗೆ ಹೋಗಿ ಬಂದವರು. 1891ರಿಂದ ಇರುವ ರೈಡು, ಈಗ ನಾಲ್ಕು ವರ್ಷಕ್ಕೊಮ್ಮೆ, 1200 ಕಿಲೋಮೀಟರ್, 90 ತಾಸು. ಅವರಿಗೆ ಅದನ್ನು ಮುಗಿಸಲು ಆಗಲಿಲ್ಲ. ಅಲ್ಲಿನ ಹಳ್ಳಿಗಳಲ್ಲಿ ಮಧ್ಯರಾತ್ರಿ ಮನೆ ಮುಂದೆ ಮೇಜು ಹಾಕಿ ಕಾಫಿ ಕೊಡುವ ಮುದುಕಿಯರ ಮಾತನ್ನೇ ಅವರು ಯಾವಾಗಲೂ ಹೇಳುವುದು. ಅಣ್ಣಿಗೇರಿಯ ಫೋಟೋ ಕಳಿಸಿದಾಗ "ಪುಂಡಿಪಲ್ಯ ಅಲ್ಲಿ ಸಿಗೂದಿಲ್ಲ" ಅಂತ ಉತ್ತರ ಬಂತು.

ಏಳು ಗಂಟೆಗೆ ನರ್ಸ್ ಒಬ್ಬರೇ ಬಾಕಿ. ಕತ್ತಲು. ಎಲ್ಲರೂ ಮನೆಗೆ ಹೋಗದೆ ರಸ್ತೆ ಅಂಚಿನಲ್ಲಿ ನಿಂತಿದ್ದರು. ದೂರದಲ್ಲಿ ದೀಪ ಕಂಡಾಗಲೆಲ್ಲ ಕೂಗುವುದು, ಅದು ಮೋಟರ್‌ಸೈಕಲ್ ಆಗಿರುವುದು. ಅವರು ಬಂದಾಗ ಗಡಿಯಾರದಲ್ಲಿ 7:38.

ಅಲ್ಲಿಂದ ಶುರುವಾಯಿತು ಜಗಳ. ಎಂಟು ನಿಮಿಷ ಏನ್ ಮಹಾ, 7:29 ಅಂತ ಬರೆದುಬಿಡಿ, ಪ್ಯಾರಿಸ್‌ನವರು ಬಂದು ನೋಡುತ್ತಾರಾ ಅಂದರು. ಇಡೀ ದಿನದಲ್ಲಿ ಒಳ್ಳೇ ಕೆಲಸ ಮಾಡಿದವರು ಅವರೊಬ್ಬರೇ, ಅವರಿಗೇ ಫೇಲಾ ಅಂತ ಒಬ್ಬರು ನನ್ನ ಮೇಲೆ ಏರಿ ಬಂದರು. ಮಾತಿನಲ್ಲಿ ನಿಜ ಇತ್ತು. ಆದರೂ ಬರೆಯಲಿಲ್ಲ. ಮೂವತ್ತು ಜನರ ಕಾರ್ಡಿಗೂ ಕಾಕಾನ ಮೊಮ್ಮಗಳು ಇದ್ದ ಸಮಯವನ್ನೇ ಬರೆದು ಶಿಕ್ಕಾ ಒತ್ತಿದ್ದಾಳೆ. ಒಂದು ಕಾರ್ಡಿನಲ್ಲಿ ಸುಳ್ಳು ಬರೆದರೆ ಉಳಿದ ಕಾರ್ಡುಗಳಿಗೆ ಏನು ಬೆಲೆ? ನರ್ಸ್ ಏನೂ ಹೇಳಲಿಲ್ಲ. ನೀರು ಕುಡಿದು, ಕಾರ್ಡ್ ಕೊಟ್ಟು, ಗಂಡನ ಸ್ಕೂಟರಿನ ಹಿಂದೆ ಸೈಕಲ್ ತುಳಿದುಕೊಂಡು ಹೋದರು. ರಾತ್ರಿ ಗ್ರೂಪ್ ಬಿಟ್ಟರು. ಬಿದ್ದ ಹುಡುಗನ ಅಪ್ಪ ಮರುದಿನ ಅವರ ಮನೆಗೆ ಹೋಗಿ ಬಂದರಂತೆ. ನಾನೂ ಹೋಗಿದ್ದೆ. ಚಹಾ ಕೊಟ್ಟರು, ಮಾತು ಜಾಸ್ತಿ ಆಡಲಿಲ್ಲ. ಒಂದಿಷ್ಟು ದಿನ ಬಿಟ್ಟು ಅವರೇ ಗ್ರೂಪಿಗೆ ವಾಪಸ್ ಬಂದು ಕೇಳಿದ್ದು ಒಂದೇ ಪ್ರಶ್ನೆ: ಮುಂದಿನ 200 ಯಾವಾಗ?

ಲೆಕ್ಕವನ್ನು ಬ್ಯಾಂಕ್ ಮೇಡಂ ರೂಪಾಯಿ ಬಿಡದೆ ಬರೆದು ಗ್ರೂಪಿಗೆ ಹಾಕಿದರು. ಸ್ವಲ್ಪ ಉಳಿದಿತ್ತು. ಗಾಳಿ ತುಂಬುವ ದೊಡ್ಡ ಪಂಪ್ ತೆಗೆದುಕೊಳ್ಳೋಣ ಅಂತ ಅರ್ಧ ಜನ, ಮಿರ್ಚಿ ಪಾರ್ಟಿ ಅಂತ ಅರ್ಧ ಜನ. ಪಂಪ್ ಬಂತು. ಕಾಕಾನ ಅಂಗಡಿಗೆ ಹೊಸ ಇಂಕಿನ ಪ್ಯಾಡ್ ಕೊಟ್ಟು ಬಂದೆವು, ಮೊಮ್ಮಗಳಿಗೆ ಒಂದು ಕೈಗಡಿಯಾರ. ಮಧ್ಯದ ಕಂಟ್ರೋಲಿನ ಮನ್ನಣೆ, ಬಿದ್ದ ಹುಡುಗ, ಎಣ್ಣೆ ಕಲೆ, ಎಲ್ಲಾ ವಿವರ ಬರೆದು ಫಲಿತಾಂಶ ಕಳಿಸಿದೆವು. ನಂಬರುಗಳು ಬಂದವು.

ಈಗ 300ರ ಮಾತು ನಡೆದಿದೆ. 2027ರ ಪ್ಯಾರಿಸ್ಸಿಗೆ ಹೋಗಬೇಕು ಅಂತ ಇಬ್ಬರಿಗೆ ಆಸೆ. ಅದಕ್ಕೆ ಅದೇ ವರ್ಷದಲ್ಲಿ 200, 300, 400, 600 ನಾಲ್ಕನ್ನೂ ಮುಗಿಸಿರಬೇಕು. ಅವರು ತುಳಿಯಬೇಕಾದರೆ ಯಾರಾದರೂ ರಾತ್ರಿಯೆಲ್ಲ ಕೂರಬೇಕು. 300ಕ್ಕೆ ನಾನು ಮುಂದೆ ನಿಲ್ಲುವುದಿಲ್ಲ ಅಂತ ಹೇಳಿದ್ದೇನೆ, ಈ ಸಲ ನನಗೂ ತುಳಿಯಬೇಕು. ಡಬ್ಬಿ ಫಿಟ್ಟರ್ ಅಣ್ಣನ ಮನೆಗೆ ಹೋಗಿದೆ. ನಿನ್ನೆ ಅವರು ಫೋನ್ ಮಾಡಿ ನನ್ನನ್ನು ಹೆಸರು ಹಿಡಿದು ಕೇಳಿದರು: ಮುಂಡರಗಿ ರಸ್ತೆ, ರಾತ್ರಿ ಹತ್ತರಿಂದ ಎರಡು. ತುಳಿಯಬೇಕು ಅಂದೆ. "ಹಂಗಾರ ನಿಮ್ಮ ಮನೆಯವರನ್ನ ಕಳಸ್ರಿ," ಅಂದರು. ಮನೆಯವರು ಇನ್ನೂ ಒಪ್ಪಿಲ್ಲ. ಫ್ಲಾಸ್ಕ್ ಎಲ್ಲಿಟ್ಟಿದ್ದೀಯ ಅಂತ ಮಾತ್ರ ಕೇಳಿದ್ದಾರೆ.